ಗೌಡರ ಸೇರಿನ ಜೋಳ

1944ರಲ್ಲಿ ನಾನು ಕುಷ್ಟಗಿ ತಾಲ್ಲೂಕಿನ ಲೆವಿ ಇನ್ಸ್‌ಪೆಕ್ಟರ್. ಯುದ್ಧದ ಕಾಲ. ರೈತರ ಬೆಳೆಯಲ್ಲಿ ಸರಕಾರ ವಸೂಲು ಮಾಡುತ್ತಿದ್ದ ಪಾಲಿಗೆ ಲೆವಿ ಎನ್ನುತ್ತಿದ್ದರು. ಆ ಜೋಳವನ್ನು ಊರಗೌಡರೇ ಅಳೆದು ತೆಗೆದುಕೊಂಡು, ಬಡವರಿಗೆ ರೇಷನ್ ಎಂದು ಅವರೇ ಅಳೆದು ಕೊಡಬೇಕು. ಬೇಲಿಯೇ ಎದ್ದು ಹೊಲ ಮೇಯಲು ಇನ್ನೇನು ಬೇಕು?

ಒಂದೂರಿನ ಗೌಡರು ನನ್ನ ಕೈಗೆ ಸಿಕ್ಕರು. ತೆಗೆದುಕೊಳ್ಳುವಾಗ ಸೇರಿನ ಮೇಲೆ ರಾಶಿ ಏರಿಸುವುದು, ಕೊಡುವಾಗ ಅದೇ ಸೇರನ್ನು ಅಂಗೈಯಿಂದ ಸವರುವುದು. ಉಳಿದದ್ದು ಅವರ ಹಗೇವಿಗೆ, ಅಂದರೆ ನೆಲದೊಳಗಿನ ಕಾಳಿನ ಗುಂಡಿಗೆ. ಹಗೇವು ತೆಗೆಸಿದೆ, ವರದಿ ಬರೆದೆ, ಗೌಡಿಕೆ ಹೋಯಿತು. ಹೊಸದಾಗಿ ಬಂದವರು ಒಂದು ಕಾಳೂ ಆಚೀಚೆ ಮಾಡದ ಮನುಷ್ಯ. ಭಲೇ ಎಂದು ನನ್ನ ಬೆನ್ನು ನಾನೇ ತಟ್ಟಿಕೊಂಡೆ.

ಮುಂದಿನ ಸಲ ಹೋದಾಗ ಶಂಕ್ರವ್ವ ಎಂಬ ವಿಧವೆ ಎರಡು ಕೂಸು ಕಟ್ಟಿಕೊಂಡು ಚಾವಡಿಗೆ ಬಂದಳು.

"ನನ್ನ ಜ್ವಾಳ ಯಾಕ ನಿಲ್ಲಿಸೀರಿ, ಸಾಹೇಬ್ರ?"

"ಆಕಿಗೆ ಇಲ್ಲಿ ರೇಷನ್ ಬರಂಗಿಲ್ರಿ," ಎಂದರು ಹೊಸ ಗೌಡರು. "ಆಕಿ ಗಂಡನ ಊರು ಯಲಬುರ್ಗಾ ಕಡೆ ಐತಿ."

ಗಂಡ ಸತ್ತು ತವರಿಗೆ ಬಂದಿದ್ದಳು. ಕೊಟ್ಟ ಹೆಣ್ಣು ಗಂಡನ ಊರಿನವಳು ಎಂದೇ ಎಣಿಕೆ. ಆ ಊರೋ ಜಾಗೀರುದಾರರದು, ಇದು ನಿಜಾಮ ಸರಕಾರದ್ದು. ಇಲ್ಲಿಯ ಅಪ್ಪಣೆ ಅಲ್ಲಿ ನಡೆಯದು.

"ಮತ್ತ ಇಷ್ಟು ದಿನ ಏನ್ ಉಂಡಿ, ತಂಗಿ?"

"ಹಳೇ ಗೌಡ್ರು ತಮ್ಮ ಹಗೇವಿಂದ ಕೊಡ್ತಿದ್ರರಿ."

ನೆಟ್ಟಗೆ ಹಳೇ ಗೌಡರ ಮನೆಗೆ ಹೋದೆ. ಅವರು ಕಟ್ಟೆಯ ಮೇಲೆ ಕೂತು ಎಲೆಗೆ ಸುಣ್ಣ ಸವರುತ್ತಿದ್ದರು.

"ಸರಕಾರದ ಜ್ವಾಳ ಕೊಡಾಕ ಕಾಯ್ದೆ ಬೇಕು, ಸಾಹೇಬ್ರ. ಕದ್ದ ಜ್ವಾಳಕ್ಕ ಎಂಥಾ ಕಾಯ್ದೆ?" ಎಂದು ನಕ್ಕರು.

"ಆಕಿಗೆ ಎಷ್ಟು ಕೊಟ್ರಿ, ಪ್ಯಾಟ್ಯಾಗ ಎಷ್ಟು ಮಾರಿದ್ರಿ, ಗೌಡ್ರ?"

"ಅದನ್ನ ಮಾತ್ರ ಕೇಳಬ್ಯಾಡ್ರಿ."

ಕಪಾಳಕ್ಕೆ ಬಾರಿಸುವಷ್ಟು ಸಿಟ್ಟು ಬಂತು. ಕೈಮುಗಿಯಬೇಕು ಅಂತಲೂ ಅನಿಸಿತು. ಎರಡನ್ನೂ ಮಾಡದೆ ಎದ್ದು ಬಂದೆ.

ಶಂಕ್ರವ್ವನಿಗಾಗಿ ಎರಡೂ ಕಡೆ ಅಲೆದೆ. ಅತ್ತಲ ಪಟ್ಟಿಯಿಂದ ಹೆಸರು ತೆಗೆಸಿಕೊಂಡು ಬನ್ನಿ ಎಂದು ಇತ್ತಲಿನವರು, ಇತ್ತ ಮೊದಲು ಹೆಸರು ಹಚ್ಚಿಕೊಳ್ಳಲಿ ಎಂದು ಅತ್ತಲಿನವರು. ಎತ್ತು ಏರಿಗೆ, ಕೋಣ ನೀರಿಗೆ. ಕೊನೆಗೂ ಅಪ್ಪಣೆ ಕೈಗೆ ಬಂದಾಗ ಸುಗ್ಗಿ ದಾಟಿತ್ತು. ನಾನೇ ಹಿಡಿದುಕೊಂಡು ಹೋದೆ. ಅವಳ ಮನೆ ಖಾಲಿ, ಬಾಗಿಲಿಗೆ ಮುಳ್ಳು ಹಚ್ಚಿತ್ತು.

"ಕೂಲಿಗಂತ ಗಂಗಾವತಿ ಕಡೆ ಹೋಗ್ಯಾಳ್ರಿ," ಎಂದಳು ಪಕ್ಕದ ಮನೆಯವಳು. "ಸಣ್ಣ ಕೂಸು ಉಳೀಲಿಲ್ಲ."

ಕಳ್ಳನನ್ನು ಹಿಡಿಯುವ ಮೊದಲು ಅವನ ಕೈಯಿಂದ ಯಾರು ಉಣ್ಣುತ್ತಿದ್ದಾರೆ ಎಂದು ಕೇಳಬೇಕು. ನೌಕರಿ ನನಗೆ ಕಲಿಸಿದ್ದು ಇಷ್ಟೇ. ಕೇಳಿದ ಮೇಲೆ ಅವನನ್ನು ಹಿಡಿಯಬೇಕೋ ಬಿಡಬೇಕೋ, ಅದನ್ನು ಮಾತ್ರ ಯಾರೂ ಕಲಿಸಲಿಲ್ಲ.