ಬಷೀರಾಬಿಯವರ ಒಂದು ಲೋಟ ನೀರು

ಬಷೀರಾಬಿ ಇಮಾಮ್ ಸಾಬ್, ವಯಸ್ಸು ಎಪ್ಪತ್ತೊಂದು, ಹುಣಸೂರು. ತವರು ಪಿರಿಯಾಪಟ್ಟಣ ತಾಲ್ಲೂಕಿನ ಹಾರನಹಳ್ಳಿ. ಪತಿ ಇಮಾಮ್ ಸಾಬ್ ಹನ್ನೆರಡು ವರ್ಷಗಳ ಹಿಂದೆ ತೀರಿಕೊಂಡರು. ಮಗ ಮುದಸ್ಸಿರ್, ಸೊಸೆ ಆತಿಕಾ. ಮೊಮ್ಮಗಳಿಗೆ ಶಾಲೆಯ ಹೆಸರು ಬೇರೆಯಿದ್ದರೂ ಅಜ್ಜಿಯ ಬಾಯಲ್ಲಿ, ಆ ಕಾರಣಕ್ಕೆ ಇಡೀ ಬೀದಿಯ ಬಾಯಲ್ಲಿ, ಅವಳು ಚಿನ್ನು. ಕಳೆದ ಫೆಬ್ರವರಿಯ ಒಂದು ಬೆಳಿಗ್ಗೆ ಬಷೀರಾಬಿಯವರು ನಮಾಜು ಮುಗಿಸಿ, ಚಹಾ ಕುಡಿದು, "ಬ್ಯಾಟ್ರಿ ಚಾರ್ಜಿಗೆ ಆಕಿದ್ಯೇನೋ ಮುದ್ದು?" ಎಂದು ಮಗನನ್ನು ಕೇಳಿ, ಉತ್ತರಕ್ಕೆ ಕಾಯದೆ ಕಣ್ಣು ಮುಚ್ಚಿದರು. ಹಾಕಿರಲಿಲ್ಲ ಎಂಬುದನ್ನು ಮುದಸ್ಸಿರ್ ಈಗ ಎಲ್ಲರೆದುರು ಒಪ್ಪಿಕೊಳ್ಳುತ್ತಾನೆ.

ಅವರದು ಡ್ರೋನು, ಕ್ಯಾಮೆರಾ ಮತ್ತು ರೋಬೋಗಳನ್ನು ವಿತರಿಸುವ ಕುಟುಂಬದ ಕಂಪನಿ. ಇಮಾಮ್ ಸಾಬ್ ನಡೆಸುತ್ತಿದ್ದ ಸ್ಟುಡಿಯೋ ಹಾಗೂ ಕ್ಯಾಮೆರಾ ರಿಪೇರಿ ಅಂಗಡಿಯೇ ಅದರ ಬೇರು. ಕಂಪನಿಯನ್ನು ನೋಂದಾಯಿಸಿದ ವಾರ ಬೋರ್ಡು ಬರೆಯುವವನು "ಇಮಾಮ್ ಅಂಡ್ ಸನ್ಸ್" ಎಂದು ಬರೆದು ತಂದ. ಬಷೀರಾಬಿಯವರು ಬೋರ್ಡನ್ನು ಅಂಗಡಿಯ ಮೆಟ್ಟಿಲು ಹತ್ತಿಸಲಿಲ್ಲ.

"ಸನ್ಸ್ ಅಂದ್ರೆ ಎಷ್ಟು ಜನ ಗಂಡುಮಕ್ಕಳಪ್ಪ?"

"ಎಷ್ಟಾದ್ರೂ ಆಯ್ತದೆ ಬೂಬಮ್ಮ, ಎಲ್ರೂ ಅಂಗೇ ಬರೆಸ್ತಾರೆ."

"ನಂಗಿರೋನು ಒಬ್ಬ. ರೋಬೋ ಬಿಚ್ಚಿ ಕಟ್ಟೋಳು ನನ್ನ ಸೊಸೆ. ಬಾಗ್ಲು ತೆಗ್ಯೋಳು ನಾನು. ಅಳಿಸ್ಕೊಂಡು ಬಾ."

ಮಾರನೆಯ ದಿನ ಬಂದ ಬೋರ್ಡಿನ ಮೇಲೆ "ಇಮಾಮ್ ಅಂಡ್ ಫ್ಯಾಮಿಲಿ" ಎಂದಿತ್ತು. ಅದರಡಿಯಲ್ಲಿ ಹಳೆಯ ಅಕ್ಷರಗಳು ಇಂದಿಗೂ ಮಸುಕಾಗಿ ಕಾಣುತ್ತವೆ.

ಹೆಗ್ಗಡದೇವನಕೋಟೆಯ ಶುಂಠಿ ಹೊಲಗಳ ಅಂಚಿನಲ್ಲಿ ಆನೆ ಬರುವ ದಾರಿ ಕಾಯುವ ಕ್ಯಾಮೆರಾಗಳನ್ನು ಈ ಕಂಪನಿ ನಿಲ್ಲಿಸಿತು. ಶಾಲೆಗಳಿಗೆ ಆತಿಕಾ ರೋಬೋಗಳನ್ನು ಹೊತ್ತು ಹೋಗುತ್ತಿದ್ದಳು. ಹಾರನಹಳ್ಳಿಯ ಶಾಲೆಯಲ್ಲಿ ಬಿಳಿ ಗೆರೆಯನ್ನು ಹಿಡಿದು ಓಡುವ ರೋಬೋ ಒಂದು, ತನಗಾಗಿ ಎಳೆದ ಗೆರೆಯನ್ನು ಬಿಟ್ಟು ಅತಿಥಿಗಳಿಗಾಗಿ ಬಿಡಿಸಿದ್ದ ರಂಗೋಲಿಯನ್ನು ಹಿಡಿಯಿತು. ಎಂಟು ದಳದ ಕಮಲವನ್ನು ಹದಿನೇಳು ಸುತ್ತು ಸುತ್ತಿ, ಬ್ಯಾಟರಿ ಮುಗಿದ ಮೇಲಷ್ಟೇ ನಿಂತಿತು. "ನಮ್ಮ ತವರಿನ ರಂಗೋಲಿ ಅಂದ್ರೆ ಅಂಗೇ," ಎಂದು ಬಷೀರಾಬಿಯವರು ಊರಿನ ಪರವಾಗಿಯೇ ಮಾತನಾಡಿದರು.

ಆದರೆ ಕಂಪನಿ ಸುತ್ತಲ ತಾಲ್ಲೂಕುಗಳಲ್ಲಿ ಹೆಸರು ಮಾಡಿದ್ದು ಒಂದು ಲೋಟ ನೀರಿನಿಂದ. ಅದನ್ನು ಹೇಳಲು ಇಮಾಮ್ ಸಾಬರ ಕಾಲಕ್ಕೆ ಹೋಗಬೇಕು.

ಅವರು ಮೊಪೆಡ್ಡಿನಲ್ಲಿ ಹಳ್ಳಿಗಳಿಗೆ ಹೋಗಿ ಪಟ ತೆಗೆಯುತ್ತಿದ್ದರು. ಒಮ್ಮೆ ಗುರುಪುರದಲ್ಲಿ ಒಂದು ಗೃಹಪ್ರವೇಶ. ಮನೆಮಂದಿಯನ್ನೆಲ್ಲ ಸಾಲಾಗಿ ನಿಲ್ಲಿಸಿ ಪಟ ತೆಗೆದು ಬಂದರು. ತಿಂಗಳು ತುಂಬುವ ಮೊದಲೇ ಆ ಮನೆಯ ಯಜಮಾನ ಅಂಗಡಿಗೆ ಬಂದ. "ಸಾಬ್ರೇ, ಅವ್ವ ತೀರ್ಕೊಂಡ್ಲು. ಅವ್ಳ ಪಟ ಒಂದಾದ್ರೂ ಐತಾ ನೋಡಿ." ಇಮಾಮ್ ಸಾಬ್ ಎಲ್ಲ ನೆಗೆಟಿವ್‌ಗಳನ್ನೂ ಬೆಳಕಿಗೆ ಹಿಡಿದು ನೋಡಿದರು. ಆ ದಿನ ಮುದುಕಿ ಒಳಗೆ ಕಜ್ಜಾಯ ಸುಡುತ್ತಿದ್ದಳು. ಒಂದು ಪಟದ ಅಂಚಿನಲ್ಲಿ, ಬಾಗಿಲ ಸಂದಿಯಿಂದ ತಟ್ಟೆ ನೀಡುವ ಒಂದು ಕೈ ಮಾತ್ರ ಇತ್ತು. ಅದನ್ನೇ ದೊಡ್ಡದು ಮಾಡಿಕೊಟ್ಟು, ಒಂದು ಪ್ರತಿಯನ್ನು ತಮ್ಮಲ್ಲೇ ಇಟ್ಟುಕೊಂಡರು.

ಅಂದಿನಿಂದ ಅವರು ಯಾವ ಮನೆಗೆ ಹೋದರೂ ಮೊದಲು ನೀರು ಕೇಳಿ ಕುಡಿದು, ಆಮೇಲೆ ಕ್ಯಾಮೆರಾ ತೆಗೆಯುತ್ತಿದ್ದರು. ನೀರು ಕೇಳಿದರೆ ಒಳಗಿರುವವರು ಹೊರಗೆ ಬರುತ್ತಾರೆ ಎಂಬುದು ಅವರ ಲೆಕ್ಕ. ಗಂಡ ಸತ್ತ ಮೇಲೆ ಬಷೀರಾಬಿಯವರು ಈ ಪದ್ಧತಿಯನ್ನು ಡ್ರೋನಿಗೂ ವಿಸ್ತರಿಸಿದರು. ಮಗನಿಗೆ ಇದು ಮುಜುಗರದ ಸಂಗತಿಯಾಗಿತ್ತು.

ಮೂರು ವರ್ಷಗಳ ಹಿಂದಿನ ಸೆಪ್ಟೆಂಬರ್ ಕೊನೆಯ ವಾರ. ಬೆಳೆಗೆ ಔಷಧ ಸಿಂಪಡಿಸುವ ಡ್ರೋನುಗಳನ್ನು ತಯಾರಿಸುವ ಬೆಂಗಳೂರಿನ ಕಂಪನಿಯೊಂದು ಹುಣಸೂರು, ಪಿರಿಯಾಪಟ್ಟಣ, ಕೆ.ಆರ್. ನಗರ, ಎಚ್.ಡಿ. ಕೋಟೆ ನಾಲ್ಕೂ ತಾಲ್ಲೂಕುಗಳಿಗೆ ಒಬ್ಬರೇ ವಿತರಕರನ್ನು ಹುಡುಕುತ್ತಿತ್ತು. ಕೆ.ಆರ್. ನಗರ ತಾಲ್ಲೂಕಿನ ಹೊಸ ಅಗ್ರಹಾರದಲ್ಲಿ ಒಂದು ಪ್ರಾತ್ಯಕ್ಷಿಕೆ ನಡೆಸಿ ತೋರಿಸಿದರೆ ವಿತರಣೆ ಇಮಾಮ್ ಅಂಡ್ ಫ್ಯಾಮಿಲಿಗೆ. ಇಲ್ಲವಾದರೆ ಮೈಸೂರಿನ ವರ್ತಕರೊಬ್ಬರಿಗೆ. ಮುದಸ್ಸಿರ್ ಮದುವೆ ವಿಡಿಯೋಗಳ ಕೆಲಸವನ್ನೆಲ್ಲ ಬಿಟ್ಟು, ತರಬೇತಿ ಪಡೆದು, ಪೈಲಟ್ ಪ್ರಮಾಣಪತ್ರ ತಂದು ಈ ದಿನಕ್ಕಾಗಿಯೇ ಕಾದಿದ್ದ. ಇದು ಕೈತಪ್ಪಿದರೆ ಅವನು ಮತ್ತೆ ರಿಪೇರಿ ಮೇಜಿಗೆ ಮರಳಬೇಕಾಗಿತ್ತು.

ನಟರಾಜು ಎಂಬ ರೈತರ ಭತ್ತದ ಗದ್ದೆಯಲ್ಲಿ ಎಲೆ ಸುತ್ತುವ ಹುಳು ಬಿದ್ದಿತ್ತು. ಗದ್ದೆಯ ಪಕ್ಕ ಶಾಮಿಯಾನ, ನಲವತ್ತು ಮಂದಿ ರೈತರು, ಎಲ್ಲರ ತಲೆಯ ಮೇಲೂ ಕಂಪನಿಯ ಫೋನ್ ನಂಬರು ಅಚ್ಚಾದ ಟೋಪಿ. ಬೆಂಗಳೂರಿನಿಂದ ಬಂದ ಅಧಿಕಾರಿ ಶಶಿಕುಮಾರ್ ಕೈಯಲ್ಲಿ ವರದಿಯ ಹಾಳೆ. ಟ್ಯಾಂಕಿಗೆ ಔಷಧ ತುಂಬಿಯಾಗಿತ್ತು.

"ತಡಿ, ನೀರು ಕುಡ್ದು ಬತ್ತೀನಿ," ಎಂದರು ಬಷೀರಾಬಿ.

"ಅಮ್ಮಿ, ಮ್ಯಾಪ್ ಎಲ್ಲಾ ರೆಡಿ ಐತೆ. ನಟರಾಜಣ್ಣನ ಮನೇಲಿ ಆಗ್ಲೇ ಕುಡಿದ್ಯಲ್ಲಾ!"

"ಅದು ಗದ್ದೆಯವರ ಮನೆ. ಪಕ್ಕದೋರ ಮನೇಲಿ ಕುಡಿದಿಲ್ಲ."

ಶಶಿಕುಮಾರ್ ಬಾಟಲಿ ನೀಡಿದರು. "ನೀರು ಇಲ್ಲೇ ಇದೆಯಲ್ಲ ಮೇಡಂ."

"ಬಾಟ್ಲಿ ಮಾತಾಡಲ್ಲ ಕಣಪ್ಪ," ಎಂದು ಅವರು ಬದುವಿನ ಮೇಲೆ ನಡೆದೇಬಿಟ್ಟರು.

ಬದು ದಾಟಿದ ಮೇಲೆ ಅವರ ಹೆಜ್ಜೆ ನಿಧಾನವಾಯಿತು. ಮಗನ ನಕ್ಷೆಯಲ್ಲಿ ಇಲ್ಲಿ ಕಂದುಬಣ್ಣದ ಬೋಳು ನೆಲವಿತ್ತು. ಈಗ ಎದೆಯೆತ್ತರದ ಹಿಪ್ಪುನೇರಳೆ ನಿಂತಿತ್ತು. ಅದರಾಚೆ ರೇಷ್ಮೆ ಹುಳು ಸಾಕುವ ಮನೆ, ಬಾಗಿಲಲ್ಲಿ ಕಾಲು ಅದ್ದಲು ಬ್ಲೀಚಿಂಗ್ ಪುಡಿ ಕಲಸಿದ ನೀರಿನ ತಟ್ಟೆ.

"ಯಾರದು? ಅಲ್ಲೇ ನಿಂತ್ಕಳಿ! ಕಾಲು ಅದ್ದದೆ ಒಳಿಕ್ಕೆ ಬಂದ್ರೆ ಬಡ್ಕೊಂಡ್ಬುಡ್ತೀನಿ!" ಇದು ಮನೆಯೊಡತಿ ಸುನಂದಮ್ಮನ ದನಿ.

"ಬರಲ್ಲ ತಾಯಿ. ಒಂದು ಲೋಟ ನೀರು ಕೊಡಿ ಸಾಕು."

ಸುನಂದಮ್ಮ ಒಳಗಿನಿಂದಲೇ ಕೈ ಚಾಚಿ ಲೋಟ ನೀಡಿದರು. "ತಪ್ಪು ತಿಳ್ಕಬ್ಯಾಡಿ ಬೂಬಮ್ಮ. ಉಳ ಇವತ್ತು ಬೆಳಿಗ್ಗೆ ನಾಕ್ನೇ ಜ್ವರದಿಂದ ಎದ್ದವೆ." ಹುಳುಗಳು ಉಣ್ಣದೆ ನಿಶ್ಚಲವಾಗಿ ಕುಳಿತು ಪೊರೆ ಬಿಡುವುದನ್ನು ಸಾಕುವವರು ಜ್ವರವೆನ್ನುತ್ತಾರೆ. "ಇನ್ನೇಳು ದಿನ ಅವಕ್ಕೆ ಊಟ, ನಮ್ಗೆ ಉಪವಾಸ. ಸಂಜೆಗೆ ನಟರಾಜಣ್ಣನ ಗದ್ದೆ ಬದೀದು ಸೊಪ್ಪು ಕೊಯ್ಬೇಕು."

"ಆ ಗದ್ದೆಗೆ ಇವತ್ತು ಔಷಧಿ ಒಡೀತಾರೆ ಅಂತ ಯಾರೂ ಏಳ್ಲಿಲ್ವಾ?"

"ಎಲಿಕ್ಯಾಪ್ಟ್ರು ಬತ್ತದೆ, ಟೋಪಿ ಕೊಡ್ತಾರೆ ಅಂದ್ರು. ಔಷಧಿ ಅಂತ ಒಬ್ರೂ ಅನ್ಲಿಲ್ವಲ್ಲ! ಅಯ್ಯೋ, ಸೊಪ್ಪಿನ ಮೇಲೆ ಒಂದು ಅನಿ ಬಿದ್ರೂ ಇಡೀ ಬೆಳೆ ಓಯ್ತದೆ ಕಣ್ರೀ!"

ಬಷೀರಾಬಿಯವರು ನೀರನ್ನು ಪೂರ್ತಿ ಕುಡಿದು, ಲೋಟ ಹಿಂದಿರುಗಿಸಿ, ಬಂದ ದಾರಿಯಲ್ಲೇ ಮರಳಿದರು. ಎಪ್ಪತ್ತರ ಹತ್ತಿರದ ಕಾಲುಗಳು ಬದುವಿನ ಮೇಲೆ ಅಷ್ಟು ವೇಗವಾಗಿ ಬಂದುದನ್ನು ಊರವರು ಈಗಲೂ ನೆನೆಯುತ್ತಾರೆ.

"ಮುದ್ದು, ಇಳಿಸು."

"ಇನ್ನೂ ಏರ್ಸೇ ಇಲ್ಲ ಅಮ್ಮಿ!"

"ಅಂಗಾದ್ರೆ ಏರಿಸ್ಬ್ಯಾಡ."

ವಿಷಯ ಕೇಳಿದ ಶಶಿಕುಮಾರ್ ಹಾಳೆಯನ್ನು ಮುಂದೆ ಹಿಡಿದರು. "ಮೇಡಂ, ಆ ಬದಿ ಒಂದಿಷ್ಟು ಬಿಟ್ಟು ಹೊಡೆಯೋಣ. ಔಷಧ ಹೊಡೆಯದೆ ಹೋದರೆ ನಾನು ಏನಂತ ಬರೆಯಲಿ? ಮೈಸೂರಿನವರು ಕಾದು ಕೂತಿದ್ದಾರೆ."

"ಗಾಳಿ ಆ ಕಡೀಕೇ ಬೀಸ್ತಾ ಐತೆ, ನನ್ನ ಸೆರಗು ನೋಡಿ. ಏನು ನಡೀತೋ ಅದನ್ನೇ ಬರೀರಿ."

ಮುದಸ್ಸಿರ್ ಬದುವಿನವರೆಗೆ ನಡೆದು ಹೋಗಿ ಹಿಪ್ಪುನೇರಳೆಯನ್ನು ನೋಡಿ ನಿಂತ. ಅವನು ಡ್ರೋನಿನಿಂದ ನಕ್ಷೆಯ ಪಟ ತೆಗೆದದ್ದು ಆಷಾಢದಲ್ಲಿ. ಆಗಷ್ಟೇ ಗಿಡಗಳನ್ನು ಬುಡಕ್ಕೆ ಕತ್ತರಿಸಿದ್ದರಿಂದ ಮೇಲಿನಿಂದ ಅದು ಪಾಳು ನೆಲದಂತೆ ಕಂಡಿತ್ತು. ಹಾಗೆಂದೇ ಗುರುತು ಹಾಕಿದ್ದ. ಹಿಂದಿರುಗಿ ಬಂದವನು ತಾನೇ ಟ್ಯಾಂಕಿನ ಔಷಧವನ್ನು ಡಬ್ಬಿಗೆ ಮರಳಿ ಸುರಿದು, ಮೈಕು ಹಿಡಿದ.

"ತಪ್ಪು ನಂದು. ನನ್ನ ಪಟದಲ್ಲಿ ಸುನಂದಮ್ಮೋರ ತೋಟ ಇರ್ಲಿಲ್ಲ. ಇವತ್ತು ಬರೀ ನೀರು ಸಿಂಪಡ್ಸಿ ತೋರಿಸ್ತೀನಿ."

ಮುಂದಿನ ಸಾಲಿನಲ್ಲಿ ಕುಳಿತಿದ್ದ ಹಿರಿಯ ಪುಟ್ಟಸ್ವಾಮಿ ಎದ್ದು ನಿಂತರು. "ಲೇ ಮುದಸ್ಸಿರಾ, ಆಕಾಸದಿಂದ ನೋಡ್ದೋನು ನೀನು! ಲೋಟ ಇಡ್ಕೊಂಡು ನಿಮ್ಮವ್ವ ಕಂಡಿದ್ದು ನಿಂಗೆ ಕಾಣ್ಲಿಲ್ವಲ್ಲೋ!"

"ಅದ್ಕೇ ಮಾವ, ಅಮ್ಮೀನ ಜೊತೇಲಿ ಕರ್ಕೊಂಡು ಬರೋದು," ಎಂದ ಮುದಸ್ಸಿರ್. ಶಾಮಿಯಾನವೆಲ್ಲ ನಕ್ಕಿತು.

ಟ್ಯಾಂಕನ್ನು ಕಾಲುವೆಯಿಂದ ದೂರ ಒಯ್ದು ಮೂರು ಬಾರಿ ತೊಳೆದರು. ನೀರು ಹೊತ್ತ ಡ್ರೋನು ಗದ್ದೆಯ ಮೇಲೆ ಎರಡು ಸುತ್ತು ಹಾರಿ, ಗಾಳಿಗೆ ಸಿಕ್ಕ ತುಂತುರಿನಲ್ಲಿ ಪುಟ್ಟಸ್ವಾಮಿಯವರನ್ನು ಟೋಪಿಸಮೇತ ತೋಯಿಸಿ ಇಳಿಯಿತು. ನಟರಾಜು ತಮ್ಮ ಸಿಂಪಡಣೆಯನ್ನು ಸುನಂದಮ್ಮನ ಹುಳು ಗೂಡು ಕಟ್ಟುವವರೆಗೆ ಮುಂದಕ್ಕೆ ಹಾಕಿದರು. ಶಶಿಕುಮಾರ್ "ಔಷಧ ಸಿಂಪಡಿಸಲಿಲ್ಲ" ಎಂದು ಬರೆದುಕೊಂಡು ಕಾರು ಹತ್ತಿದರು.

ಮೂರು ವಾರ ಬೆಂಗಳೂರಿನಿಂದ ಯಾವ ಸುದ್ದಿಯೂ ಬರಲಿಲ್ಲ. ಮುದಸ್ಸಿರ್ ರಿಪೇರಿ ಮೇಜಿನ ಧೂಳು ಒರೆಸಿದ. ತಾಯಿಯನ್ನು ಒಂದು ಮಾತೂ ಆಡಲಿಲ್ಲ. ಆಡಲು ತಾಯಿ ಅವಕಾಶ ಕೊಡುವವರೂ ಆಗಿರಲಿಲ್ಲ. ಆ ನಡುವೆ ಸುನಂದಮ್ಮ ಒಂದು ಬುಟ್ಟಿ ಹಿಡಿದು ಬಸ್ಸಿಳಿದು ಅಂಗಡಿಗೆ ಬಂದರು. ಒಳಗೆ ಬಿಳಿಯ ರೇಷ್ಮೆಗೂಡುಗಳು. "ಮಾರಾಕಲ್ಲ ಬೂಬಮ್ಮ, ನಿಮ್ಗೆ ತೋರ್ಸಾಕೆ," ಎಂದವರು ಒಂದು ಹಿಡಿಯನ್ನು ಮೇಜಿನ ಮೇಲಿಟ್ಟು ಹೋದರು.

ನಾಲ್ಕನೆಯ ವಾರ ಶಶಿಕುಮಾರ್ ತಾವೇ ಬಂದರು. ಬಷೀರಾಬಿಯವರು ಮೊದಲು ನೀರು ಕೊಟ್ಟರು.

"ಮೇಡಂ, ನಿಮ್ಮಿಂದ ನಮ್ಮ ಆಫೀಸಿನಲ್ಲಿ ಗಲಾಟೆ. ಟೋಪಿಯ ನಂಬರಿಗೆ ಕೆ.ಆರ್. ನಗರದ ಕಡೆಯಿಂದ ಹತ್ತೊಂಬತ್ತು ಫೋನು. ಎಲ್ಲರೂ ಕೇಳೋದು ಒಂದೇ, ನೀರು ಕುಡಿಯೋ ಬೂಬಮ್ಮನ ಮಿಷಿನ್ ಬೇಕು ಅಂತ. ನಮ್ಮ ಸಾಹೇಬರು ಅದು ಯಾವ ಮಾಡೆಲ್ಲು ಎಂದು ನನ್ನನ್ನು ಕೇಳಿದರು."

"ಹಳೇ ಮಾಡೆಲ್ಲು," ಎಂದಳು ಒಳಗಿನಿಂದ ಆತಿಕಾ.

ನಾಲ್ಕೂ ತಾಲ್ಲೂಕಿನ ವಿತರಣೆಯ ಪತ್ರ ಶಶಿಕುಮಾರ್ ಅವರ ಚೀಲದಲ್ಲಿತ್ತು. ಬಷೀರಾಬಿಯವರು ಸಹಿ ಹಾಕುವ ಮೊದಲು, ಪ್ರತಿ ಸಲ ಡ್ರೋನು ಏರಿಸುವ ಮುನ್ನ ಪೈಲಟ್ ತುಂಬಬೇಕಾದ ಹಾರಾಟದ ಫಾರಂ ತರಿಸಿ, ಸೊಸೆಯಿಂದ ಓದಿಸಿ, ಒಂದು ಸಾಲು ಸೇರಿಸಬೇಕೆಂದರು: ಸುತ್ತಲಿನ ಹೊಲಗಳವರ ಮನೆಯಲ್ಲಿ ನೀರು ಕುಡಿದು ಅವರ ಬೆಳೆ ಏನೆಂದು ಕೇಳಿ ತಿಳಿದಿದ್ದೇನೆ.

"ಇದನ್ನು ಕಂಪನಿ ಫಾರಮ್ಮಿನಲ್ಲಿ ಹೇಗೆ ಹಾಕೋದು ಮೇಡಂ?"

"ಎಂಟನೇ ಸಾಲಾದ್ಮೇಲೆ ಒಂಬತ್ನೇದಾಗಿ ಆಕಿ."

ಹಾಕಿದರು. ಬಷೀರಾಬಿಯವರು ಆಮೇಲೆಯೇ ಸಹಿ ಮಾಡಿದರು.

ಅವರು ಬಿಟ್ಟುಹೋದದ್ದು:

ಮಗ, ಸೊಸೆ, ಮತ್ತು ಯಾರ ಮನೆಗೆ ಹೋದರೂ ನೀರು ಕೇಳುವ ಮೊಮ್ಮಗಳು.

ಏಳು ಡ್ರೋನು, ಅವುಗಳನ್ನು ಹಾರಿಸಲು ಕಲಿತ ಹದಿಮೂರು ಮಂದಿ. ಅವರಲ್ಲಿ ಸುನಂದಮ್ಮನ ಮಗಳು ವಾಣಿಶ್ರೀ ಒಬ್ಬಳು.

ಇಮಾಮ್ ಸಾಬರ ಹಳೆಯ ಕ್ಯಾಮೆರಾ. ಅದರ ಪಟ್ಟಿಯನ್ನು ಮೂರು ಸಲ ಹೊಲಿದಿದ್ದಾರೆ.

ತಟ್ಟೆ ನೀಡುವ ಒಂದು ಕೈಯ ಪಟ, ಅಂಗಡಿಯ ಗೋಡೆಯ ಮೇಲೆ.

ಗಾಜಿನ ಭರಣಿಯಲ್ಲಿ ಒಂದು ಹಿಡಿ ರೇಷ್ಮೆಗೂಡು.

ಗದ್ದೆಯ ಮಣ್ಣು ಮೆತ್ತಿದ ಚಪ್ಪಲಿ. ತೊಳೆಯಲು ಆತಿಕಾ ಯಾರಿಗೂ ಬಿಟ್ಟಿಲ್ಲ.

ಫಾರಮ್ಮಿನ ಒಂಬತ್ತನೆಯ ಸಾಲು.