ರತ್ನನ ಜಾಗ

ಬಸ್ಸು ಕೆಟ್ಟು ಚಿಂತಾಮಣಿಯಲ್ಲಿ ಇಳಿದೆ. ಶಾಲೆಯ ಬಯಲಿನಲ್ಲಿ ನಾನಾ ಪ್ರಾಂತ್ಯದವರ ನೃತ್ಯೋತ್ಸವ. ಬೆಳಿಗ್ಗೆ ಒಬ್ಬರಿಗೊಬ್ಬರು ಕಲಿಸುತ್ತಾರೆ, ಸಂಜೆ ಕುಣಿದು ತೋರಿಸುತ್ತಾರೆ.

ಶಿಡ್ಲಘಟ್ಟದ ಹೆಂಗಸರು ಮಣಿಪುರದ ಹುಡುಗಿಯರಿಗೆ ಕೋಲಾಟ ಹೇಳಿಕೊಡುತ್ತಿದ್ದರು. ಇವರ ಮಾತು ಅವರಿಗೆ ತಿಳಿಯದು, ನೋಡಿಯೇ ಕಲಿಯಬೇಕು. ಸುತ್ತಿನಲ್ಲಿ ಒಬ್ಬರ ಜಾಗ ಖಾಲಿಯಿತ್ತು. ಅದರೆದುರು ಬಂದವಳು ಜೊತೆಯ ಕೋಲು ಸಿಗದೆ ತನ್ನೆರಡು ಕೋಲನ್ನು ತಾನೇ ತಟ್ಟಿಕೊಂಡು ಮುಂದೆ ಹೋಗುತ್ತಿದ್ದಳು.

"ಒಬ್ಬರು ಕಡಿಮೆ ಇದ್ದಾರಲ್ಲ?" ಎಂದು ತಂಡದ ಹಿರಿಯಳು ಮುನಿಯಮ್ಮನನ್ನು ಕೇಳಿದೆ.

"ಅದು ನಮ್ ರತ್ನನ ಜಾಗ ಕಣಮ್ಮ. ಹೋದ ತಿಂಗ್ಳು ಹೆರಿಗೇಲಿ ಹೋಗ್ಬಿಟ್ಳು. ವರ್ಷ ತುಂಬೋಗಂಟ ಅಲ್ಲಿ ಯಾರ್ನೂ ನಿಲ್ಸಲ್ಲ."

ಸಂಜೆ ಮಣಿಪುರದವರು ಕೋಲು ಹಿಡಿದು ಬಂದರು. ಅವರೂ ಒಬ್ಬರ ಜಾಗ ಬಿಟ್ಟೇ ನಿಂತರು. ಅಲ್ಲಿಗೆ ಬಂದ ಪ್ರತಿಯೊಬ್ಬಳೂ ನಗುನಗುತ್ತ ತನ್ನ ಕೋಲನ್ನು ತಾನೇ ತಟ್ಟಿಕೊಂಡಳು. ಅದೂ ಆಟದ ಭಾಗವೇ ಎಂದುಕೊಂಡಿದ್ದರು, ಪಾಪ. ಜನ ಚಪ್ಪಾಳೆ ತಟ್ಟಿದರು. ನನಗೆ ತಡೆಯಲಾಗಲಿಲ್ಲ, ಹುಡುಗಿಯರಿಗೆ ಹೇಗಾದರೂ ತಿಳಿಸಬೇಕೆಂದು ಎದ್ದೆ.

ಪಕ್ಕದಲ್ಲಿ ಕೂತಿದ್ದ ಮುನಿಯಮ್ಮ ನನ್ನ ಸೆರಗು ಹಿಡಿದು ಕೂರಿಸಿದಳು. ಅವಳ ಕೆನ್ನೆ ಒದ್ದೆಯಾಗಿತ್ತು.

"ಸುಮ್ಕಿರಮ್ಮ. ಅವ್ರೂರಲ್ಲೂ ನಮ್ ರತ್ನಂಗೆ ಒಂದು ಜಾಗ ಇರ್ಲಿ."