ಇಪ್ಪತ್ತೆಂಟರ ನಾಡಿ

ಗದಗದಿಂದ ಬಂದು ಬಿಟಿಎಂ ಲೇಔಟಿನಲ್ಲಿ ಬಾಡಿಗೆಗಿದ್ದ ಭಾಗ್ಯಜ್ಯೋತಿ, ಜೆ.ಪಿ. ನಗರದ ಸಣ್ಣ ನರ್ಸಿಂಗ್ ಹೋಮೊಂದರಲ್ಲಿ ಹನ್ನೊಂದು ವರ್ಷದಿಂದ ಇಸಿಜಿ ತೆಗೆಯುತ್ತಿದ್ದಳು. ತಂತಿ ಸಿಕ್ಕಿಸಿ, ಕಾಗದ ಹರಿದು ಡಾಕ್ಟರಿಗೆ ಕೊಟ್ಟರೆ ಕೆಲಸ ಮುಗಿಯಿತು. ಅವಳು ಮಾತ್ರ ಕೊಡುವ ಮುಂಚೆ ಪ್ರತಿಯೊಂದನ್ನೂ ಓದುತ್ತಿದ್ದಳು.

ಆ ಬುಧವಾರ ಮಧ್ಯಾಹ್ನ ಸೇತುರಾಮರನ್ನು ಹೊತ್ತು ತಂದಾಗ ಅವರ ಒಂದು ಕಿವಿ ಹರಿದು ನೇತಾಡುತ್ತಿತ್ತು. ಹನುಮಂತನಗರದ ಆ ನಿವೃತ್ತ ಮೇಷ್ಟ್ರ ಕಾರು ಅರೆಕೆರೆಯ ಬಳಿ ಫುಟ್‌ಪಾತಿಗೆ ನುಗ್ಗಿ, ಹೂ ಮಾರುತ್ತಿದ್ದ ಹೆಂಗಸಿನ ಕಾಲು ಜಜ್ಜಿತ್ತು. ಕುಡಿದಿದ್ದಾನೆಂದು ಜನ ಅವರನ್ನು ಹೊರಗೆಳೆದು ಹೆಲ್ಮೆಟ್ಟಿನಲ್ಲಿ ಚಚ್ಚಿದ್ದರು. ಹೂವಿನವಳ ಗಂಡ ಲಕ್ಕಪ್ಪ ಗುಂಪು ಕಟ್ಟಿಕೊಂಡು ಹಿಂದೆಯೇ ಬಂದ.

"ಆಚೆ ಕಳ್ಸ್ರೀ ಆ ಕುಡುಕನ್ನ! ಇಲ್ಲೇ ಮುಗಿಸ್ತೀನಿ!"

ಸೇತುರಾಮರ ನಾಡಿ ನಿಮಿಷಕ್ಕೆ ಇಪ್ಪತ್ತೆಂಟಕ್ಕೆ ಇಳಿದಿತ್ತು. "ತಲೆಗೆ ಪೆಟ್ಟು ಬಿದ್ದಿದೆ, ಅದಕ್ಕೇ ಸ್ಲೋ. ಸ್ಕ್ಯಾನಿಗೆ ತಗೊಂಡ್ಹೋಗಿ," ಎಂದರು ಡಾಕ್ಟರ್ ಉಮಾಮಹೇಶ್ವರಿ.

ಭಾಗ್ಯಜ್ಯೋತಿ ಎದೆಯ ರಕ್ತ ಒರೆಸಿ ಇಸಿಜಿ ತೆಗೆದಳು. ಇನ್ನೊಂದು ಕಾಗದದ ಅಂಚನ್ನು ಅದರ ಮೇಲಿಟ್ಟು ಪೆನ್ನಿನಿಂದ ಗುರುತು ಹಾಕಿ ಅಲೆಗಳ ನಡುವಿನ ಅಂತರ ಅಳೆದಳು. ಹೃದಯದ ಮೇಲಿನ ಕೋಣೆಗಳ ಪುಟ್ಟ ಅಲೆಗಳು ಒಂದೇ ಸಮನೆ ಬೀಳುತ್ತಿದ್ದವು. ಕೆಳಗಿನ ಕೋಣೆಗಳ ದೊಡ್ಡ ಅಲೆಗಳು ತೀರಾ ನಿಧಾನವಾಗಿ, ಅವಕ್ಕೂ ಇವಕ್ಕೂ ಸಂಬಂಧವೇ ಇಲ್ಲದಂತೆ ಏಳುತ್ತಿದ್ದವು.

"ಮೇಡಂ, ಮ್ಯಾಲಿನ ಕರೆಂಟು ಕೆಳಗ ಹೋಗವಲ್ದು. ಕಂಪ್ಲೀಟ್ ಬ್ಲಾಕ್ ಐತ್ರಿ. ಕಾರ್ ಹೊಡೀವಾಗ್ಲೇ ಎಚ್ಚರ ತಪ್ಪಿರ್ಬೇಕು."

ಡಾಕ್ಟರು ಕಾಗದ ಕಸಿದುಕೊಂಡು ನೋಡಿದರು. ಅಷ್ಟರಲ್ಲಿ ಬಾಗಿಲಿನ ಗಾಜು ಪುಡಿಯಾಯಿತು. ಲಕ್ಕಪ್ಪ ಒಳನುಗ್ಗಿ, ಡ್ರಿಪ್ ಸ್ಟ್ಯಾಂಡ್ ಎತ್ತಿ ಬೀಸಿದ. ಅದು ಸೇತುರಾಮರ ತಲೆಗೆ ಬೀಳದಂತೆ ಭಾಗ್ಯಜ್ಯೋತಿ ಕೈ ಅಡ್ಡ ಹಿಡಿದಳು. ಅವಳ ಕೈಮೂಳೆ ಲಟಕ್ಕೆಂದಿತು. ನರ್ಸುಗಳು ಚೀರುತ್ತಾ ಓಡಿದರು.

ಮಾನಿಟರಿನಲ್ಲಿ ದೊಡ್ಡ ಅಲೆಗಳು ನಿಂತೇಹೋದವು. ಪುಟ್ಟ ಅಲೆಗಳಷ್ಟೇ ಉಳಿದವು.

"ನಿಂತೋಯ್ತು!" ಡಾಕ್ಟರು ಹೃದಯಕ್ಕೆ ಕರೆಂಟು ಕೊಟ್ಟು ಬಡಿಸುವ ಪೇಸಿಂಗ್ ಯಂತ್ರದತ್ತ ಜಿಗಿದರು.

ಭಾಗ್ಯಜ್ಯೋತಿ ಇನ್ನೊಂದು ಕೈಯಿಂದ ಲಕ್ಕಪ್ಪನ ಕೊರಳಪಟ್ಟಿ ಹಿಡಿದೆಳೆದಳು. "ಕುಡಿದಿಲ್ಲೋ ಅವ್ರು! ಹಾರ್ಟ್ ನಿಂತು ಬಿದ್ದಾರ! ಹೊಡಿಯಾಕ ಬಲ ಐತಲ್ಲ, ಬಾ, ಎದಿ ಒತ್ತು!"

ಅವನು ಬೆಪ್ಪಾಗಿ ನಿಂತ. ಅವಳು ಇನ್ನೊಮ್ಮೆ ಅರಚಿದಳು. ಒತ್ತಿದ. ಪಕ್ಕೆಲುಬು ಮುರಿದ ಸದ್ದಿಗೆ ಅಳತೊಡಗಿದ, ಆದರೂ ನಿಲ್ಲಿಸಲಿಲ್ಲ. ಡಾಕ್ಟರು ಎದೆಗೆ ಪ್ಯಾಡ್ ಅಂಟಿಸಿ ಕರೆಂಟು ಹರಿಸಿದಾಗ ದೇಹ ಅದುರಿ, ನಾಡಿ ಅರವತ್ತಕ್ಕೆ ಬಂತು.

ಸೇತುರಾಮರಿಗೆ ಪೇಸ್‌ಮೇಕರ್ ಹಾಕಿದರು. ಹೂವಿನವಳ ಕಾಲನ್ನು ಮೊಣಕಾಲಿನ ಕೆಳಗೆ ಕತ್ತರಿಸಬೇಕಾಯಿತು. ಹೇಳಿಕೆ ಪಡೆಯಲು ಪೊಲೀಸರು ಬಂದಾಗ ಭಾಗ್ಯಜ್ಯೋತಿಯ ಮುರಿದ ಕೈಗೆ ಆಪರೇಷನ್ ಮಾಡಿ ಕಂಬಿ ಕೂರಿಸಿ ಎರಡು ದಿನವಾಗಿತ್ತು.

"ಆ ಲಕ್ಕಪ್ಪ ಹೊಡದದ್ದು ಬರ್ಕೋರಿ, ಅವನ್ನ ನಾ ಬಿಡಂಗಿಲ್ಲ," ಎಂದಳು. ಅವರು ಬರೆದು ಮುಗಿಸಿದ ಮೇಲೆ, "ಅವನs ಎದಿ ಒತ್ತಿದ್ದೂ ಬರ್ಕೋರಿ," ಎಂದಳು.